ಉಂಡ ಮೇಲಿನ ಹಿಂದಿ

ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಹಿಂದಿ ಬಂದದ್ದು ಪರೀಕ್ಷೆಯ ಮೂಲಕ. ರಾಜಾಜಿನಗರದ ವೆಸ್ಟ್ ಆಫ್ ಕಾರ್ಡ್ ರೋಡ್‌ನಲ್ಲಿರುವ ಮೈಸೂರು ಹಿಂದಿ ಪ್ರಚಾರ ಪರಿಷತ್ತು ನಡೆಸುವ ಪ್ರವೇಶ, ಉತ್ತಮಾ, ರತ್ನ ಪರೀಕ್ಷೆಗಳನ್ನು ಕಟ್ಟದ ಮನೆ ಈ ಬಡಾವಣೆಗಳಲ್ಲಿ ಒಂದು ಕಾಲಕ್ಕೆ ಅಪರೂಪವೇ ಆಗಿತ್ತು. ಅದಿಲ್ಲದಿದ್ದರೆ 1918ರಲ್ಲಿ ಗಾಂಧೀಜಿಯ ಪ್ರೇರಣೆಯಿಂದ ಮದ್ರಾಸಿನಲ್ಲಿ ಹುಟ್ಟಿದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭಾದ ಪ್ರಾಥಮಿಕ್, ಮಧ್ಯಮಾ, ರಾಷ್ಟ್ರಭಾಷಾ ಪರೀಕ್ಷೆಗಳು ಇದ್ದೇ ಇದ್ದವು. ಸಂಜೆ ಐದಾದರೆ ಯಾರದೋ ಮನೆಯ ವರಾಂಡದಲ್ಲಿ ಹಿಂದಿ ಮೇಷ್ಟ್ರೋ ಹಿಂದಿ ಮಿಸ್ಸೋ ಜಮಖಾನ ಹಾಸಿ ಕೂರುತ್ತಿದ್ದರು. ಪಕ್ಕದ ಬೀದಿಗಳ ಮಕ್ಕಳೆಲ್ಲ ಅಲ್ಲಿ ಸೇರುತ್ತಿದ್ದರು. ಬ್ಯಾಂಕ್ ಕೆಲಸಕ್ಕೆ ಅನುಕೂಲವಾಗುತ್ತದೆ, ದೆಹಲಿಗೆ ವರ್ಗವಾದರೆ ಕಷ್ಟವಾಗುವುದಿಲ್ಲ ಎನ್ನುವುದು ಅಪ್ಪ ಅಮ್ಮಂದಿರ ಲೆಕ್ಕ.

ರಾಜಾಜಿನಗರದ ಹೆಸರಿನಲ್ಲೇ ಹಿಂದಿಯ ಒಂದು ದೊಡ್ಡ ಕಥೆಯಿದೆ. ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾಗಿದ್ದ ಸಿ. ರಾಜಗೋಪಾಲಾಚಾರಿ, ಅಂದರೆ ರಾಜಾಜಿ, 1938ರಲ್ಲಿ ಅಲ್ಲಿನ 125 ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದರು. ಆ ಪೈಕಿ ಕನ್ನಡ ಶಾಲೆಗಳೂ ಇದ್ದವು. ಪೆರಿಯಾರ್ ಮುಂತಾದವರ ನೇತೃತ್ವದಲ್ಲಿ ಚಳವಳಿ ಎದ್ದಿತು, 1940ರಲ್ಲಿ ಆದೇಶ ರದ್ದಾಯಿತು. ಅದೇ ರಾಜಾಜಿ ಮುಂದೆ ಹಿಂದಿಯೊಂದೇ ದೇಶದ ಆಡಳಿತ ಭಾಷೆಯಾಗಬೇಕೆಂಬ ವಾದವನ್ನು ಗಟ್ಟಿಯಾಗಿ ವಿರೋಧಿಸಿದರು. ಹಿಂದಿಯ ಪರವಾಗಿಯೂ ಹೇರಿಕೆಯ ವಿರುದ್ಧವಾಗಿಯೂ ಮಾತಾಡಿದ ಒಬ್ಬ ಮನುಷ್ಯನ ಹೆಸರು ಈ ಊರಿನ ಎಷ್ಟೋ ವಿಳಾಸಗಳಲ್ಲಿ ದಿನವೂ ಬರೆಯಲ್ಪಡುತ್ತಿದೆ.

ಪರೀಕ್ಷೆಯ ಹಿಂದಿ ತುಂಬ ಕಲಿಸಿತು. ಪತ್ರ ಬರೆಯುವುದನ್ನು, ರಜೆ ಕೇಳುವುದನ್ನು, ಸಾರಾಂಶ ಬರೆಯುವುದನ್ನು, ‘ನೇ’ ಪ್ರತ್ಯಯ ಎಲ್ಲಿ ಬರಬೇಕು ಎನ್ನುವುದನ್ನು. ಆದರೆ ಒಳ್ಳೆಯ ಊಟ ಮಾಡಿದವನು, ಬಹಳ ದಿನಕ್ಕೆ ನಿದ್ದೆ ಹತ್ತಿದವನು, ಮಗಳ ಮದುವೆ ಮುಗಿಸಿ ಗೋಡೆಗೆ ಒರಗಿ ಕೂತವನು ಹಿಂದಿಯಲ್ಲಿ ಏನನ್ನುತ್ತಾನೆ ಎಂಬುದು ಪಠ್ಯದಲ್ಲಿ ಇರಲಿಲ್ಲ. ‘ಸಂತುಷ್ಟ್’ ಎಂಬ ಪದವಿತ್ತು. ಕೇಂದ್ರ ಸರ್ಕಾರದ ಕಚೇರಿಗಳ ಕಡತಗಳಲ್ಲಿ ‘ಸಂತೋಷಜನಕ್’ ಇತ್ತು. ಆಡಳಿತ ಭಾಷೆಯ 1976ರ ನಿಯಮಗಳ ಪ್ರಕಾರ ಕರ್ನಾಟಕ ‘ಸಿ’ ವಲಯದಲ್ಲಿದೆ. ಇಲ್ಲಿನ ಬ್ಯಾಂಕ್‌ಗಳ ಬಾಗಿಲ ಬಳಿ ‘ಆಜ್ ಕಾ ಶಬ್ದ್’ ಎಂದು ದಿನಕ್ಕೊಂದು ಪದ ಬರೆಯುವ ಹಲಗೆ ಈಗಲೂ ಕಾಣುತ್ತದೆ. ಅಲ್ಲಿ ಬರುವ ಪದಗಳು ಅನುಮೋದನೆ, ನಿರೀಕ್ಷಣೆ, ಅನುಪಾಲನೆಯ ಜಾತಿಯವು. ಹಿಂದಿಯವರ ಮನೆಯಲ್ಲಿ ಪೂರಿ ತಿಂದೆದ್ದವರು ಯಾರೂ ತಾನು ಸಂತುಷ್ಟನಾಗಿದ್ದೇನೆ ಎನ್ನುವುದಿಲ್ಲ. ‘ಮಜಾ ಆ ಗಯಾ’ ಅನ್ನುತ್ತಾರೆ.

ಕನ್ನಡಿಗರಿಗೆ ಹಿಂದಿಯ ಅತ್ಯಂತ ಸುಲಭವಾದ ಭಾಗ ಇದೇ ಎನ್ನುವುದು ಸೋಜಿಗ. ‘ಆಪ್ ಕೇ ಹಾಥ್ ಕಾ ಖಾನಾ ಖಾಕರ್ ಮುಝೇ ಮಜಾ ಆ ಗಯಾ’ ಎಂಬ ಮಾತನ್ನು ತೆಗೆದುಕೊಳ್ಳಿ. ‘ನಿಮ್ಮ ಕೈಯಡುಗೆ ಉಂಡು ನನಗೆ ಮಜಾ ಬಂದುಬಿಡ್ತು’ ಎಂದು ಅದೇ ಸಾಲಿನಲ್ಲಿ ಪದಕ್ಕೆ ಪದ ಇಟ್ಟುಕೊಂಡು ಹೋಗಬಹುದು. ಖಾಕರ್ ಎಂದರೆ ಉಂಡು, ಮುಝೇ ಎಂದರೆ ನನಗೆ, ಆ ಗಯಾ ಎಂದರೆ ಬಂದುಬಿಡ್ತು. ಎರಡು ಭಾಷೆಗಳ ಕುಲ ಬೇರೆ. ಆದರೂ ತೃಪ್ತಿಯನ್ನು ತಾನು ‘ಮಾಡಿದ್ದು’ ಎನ್ನದೆ ತನಗೆ ‘ಆದದ್ದು’ ಎಂದು ಹೇಳುವ ಕ್ರಮ ಎರಡಕ್ಕೂ ಒಂದೇ. ಭಾಷಾವಿಜ್ಞಾನಿ ಕಾಲಿನ್ ಮಸಿಕಾ 1976ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಭಾರತದ ಭಾಷೆಗಳನ್ನು ಒಂದು ಪ್ರದೇಶವಾಗಿ ಕಟ್ಟಿಹಾಕುವ ಲಕ್ಷಣಗಳನ್ನು ಪರಿಶೀಲಿಸಿದರು. ಪದಗಳ ಕ್ರಮ, ‘ಉಂಡು’ವಿನಂಥ ಕೃದಂತ, ‘ಬಂದುಬಿಡು’ವಿನಂಥ ಜೋಡಿ ಕ್ರಿಯೆ, ‘ನನಗೆ’ಯಿಂದ ಶುರುವಾಗುವ ಅನುಭವದ ವಾಕ್ಯ, ಎಲ್ಲವೂ ಆ ಪಟ್ಟಿಯಲ್ಲಿವೆ. ಉಂಡವನ ಒಂದೇ ಮಾತಿನಲ್ಲಿ ಇವೆಲ್ಲ ಕೂಡಿ ಬಂದಿವೆ.

ಕನ್ನಡದ ಮಕ್ಕಳನ್ನು ಕಾಡುವ ‘ನೇ’ ಕೂಡ ಇಲ್ಲಿಲ್ಲ. ಆದರೆ ಲಿಂಗದ ಕಾಟ ಇದೆ. ಕನ್ನಡದಲ್ಲಿ ಖುಷಿಯೂ ಆಯಿತು, ಸಮಾಧಾನವೂ ಆಯಿತು, ತೃಪ್ತಿಯೂ ಆಯಿತು. ಹಿಂದಿಯಲ್ಲಿ ಮಜಾ ಆಯಾ, ಸಂತೋಷ್ ಹುವಾ, ಸುಕೂನ್ ಮಿಲಾ ಎಂದರೆ ಗಂಡು. ಖುಶೀ ಹುಯೀ, ತಸಲ್ಲೀ ಹುಯೀ, ರಾಹತ್ ಮಿಲೀ ಎಂದರೆ ಹೆಣ್ಣು. ಮನಸ್ಸು ಹಗುರಾದ ಹೊತ್ತಿನಲ್ಲೂ ಅದು ಗಂಡೋ ಹೆಣ್ಣೋ ಎಂದು ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ತಪ್ಪಿದರೂ ಉಣಬಡಿಸಿದವರು ಬೇಸರಪಟ್ಟುಕೊಳ್ಳುವುದಿಲ್ಲ, ಅದೇ ಸಮಾಧಾನ.

ಇದಕ್ಕಿಂತ ನಾಜೂಕಾದ ಒಂದು ತಿರುವು ಇದೆ, ಅದನ್ನು ಯಾವ ಗೈಡೂ ಹೇಳಿಕೊಡುವುದಿಲ್ಲ. ಕನ್ನಡದಲ್ಲಿ ‘ಮನಸ್ಸು ತುಂಬಿ ಬಂತು’ ಎನ್ನುವುದು ಕೃತಜ್ಞತೆಯ ಮಾತು. ಅದನ್ನೇ ನೆಚ್ಚಿ ಹಿಂದಿಯಲ್ಲಿ ‘ಮನ್ ಭರ್ ಗಯಾ’ ಎಂದರೆ, ‘ಸಾಕಾಗಿಹೋಯಿತು, ಇನ್ನು ಇದು ಬೇಡ’ ಎಂಬ ಬೇಸರವೂ ಅದರಲ್ಲಿ ಕೇಳಿಸಬಹುದು. ‘ಮನ್ ಭರ್ ಆಯಾ’ ಎಂದರೆ ಮಾತ್ರ ಗಂಟಲು ಕಟ್ಟಿದ ಭಾವ. ಹೋಗುವುದಕ್ಕೂ ಬರುವುದಕ್ಕೂ ಅಷ್ಟು ವ್ಯತ್ಯಾಸ. ಹಿಂದಿಯವರು ಊಟ ಮುಗಿಸಿ ‘ಪೇಟ್ ಭರ್ ಗಯಾ, ಮನ್ ನಹೀಂ ಭರಾ’ ಎಂದರೆ ಅದು ದೂರಲ್ಲ, ಬಡಿಸಿದವರಿಗೆ ಕೊಡುವ ದೊಡ್ಡ ಮರ್ಯಾದೆ: ಹೊಟ್ಟೆ ತುಂಬಿದೆ, ಇನ್ನೂ ತಿನ್ನುವ ಆಸೆ ಹೋಗಿಲ್ಲ.

ಈ ಊರಿನಲ್ಲಿ ಹಿಂದಿ ಎಂದ ಕೂಡಲೇ ಏಳುವ ಭಾವ ಬೇರೆಯದು, ಅದನ್ನು ಮುಚ್ಚಿಟ್ಟು ಬರೆಯಲು ಬರುವುದಿಲ್ಲ. 2017ರಲ್ಲಿ ನಮ್ಮ ಮೆಟ್ರೊ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ದೊಡ್ಡ ದನಿ ಎದ್ದಿತು, ಕೊನೆಗೆ ಆ ಅಕ್ಷರಗಳನ್ನು ಮರೆ ಮಾಡಲಾಯಿತು. ಮೈಸೂರು ರಸ್ತೆಯಿಂದ ಕೆಂಗೇರಿಗೆ 2021ರ ಆಗಸ್ಟ್‌ನಲ್ಲಿ ರೈಲು ಓಡತೊಡಗಿದಾಗ ಆ ದಾರಿಯ ಫಲಕಗಳು ಕನ್ನಡ ಮತ್ತು ಇಂಗ್ಲಿಷಿನಲ್ಲಿದ್ದವು. ಆ ಸಿಟ್ಟಿಗೆ ಕಾರಣವಿತ್ತು. ಬ್ಯಾಂಕಿನ ಕೌಂಟರಿನಲ್ಲಿ, ಆಟೊದಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕನ್ನಡಿಗನ ಕಿವಿಗೆ ಬೀಳುವ ಹಿಂದಿ ಬಹುಪಾಲು ಕೇಳುವ ಹಿಂದಿ: ಎಷ್ಟು, ಯಾಕೆ, ಬೇಗ, ಹಿಂದಿಯಲ್ಲಿ ಹೇಳಿ. ಕೊಟ್ಟದ್ದು ಸಾಕು, ಚೆನ್ನಾಗಿತ್ತು, ನೆಮ್ಮದಿಯಾಯಿತು ಎನ್ನುವ ಹಿಂದಿ ಆ ಕೌಂಟರುಗಳಲ್ಲಿ ಹುಟ್ಟುವುದೇ ಇಲ್ಲ. ಅದು ಮನೆಯೊಳಗಿನ ಭಾಷೆ. ಒಂದು ಜನದ ಮನೆಮಾತನ್ನು ಬರೀ ಬೇಡಿಕೆಯ ದನಿಯಲ್ಲಿ ಕೇಳುತ್ತ ಬಂದವರಿಗೆ ಅದರ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ?

ಮನೆಯೊಳಗಿನ ಹಿಂದಿ ಕೇಳಬೇಕೆಂದರೆ ಕಾಮಾಕ್ಷಿಪಾಳ್ಯದ ಒಳಬೀದಿಗಳಿಗೋ ಕೆಂಗೇರಿ ಉಪನಗರದ ಬಾಡಿಗೆ ಕೋಣೆಗಳ ಕಡೆಗೋ ಹೋಗಬೇಕು. ಕೆಳಗೆ ಮನೆಯವರು, ಮೇಲೆ ಒಂದೊಂದೇ ಕೋಣೆ. ಪೀಣ್ಯ, ರಾಜಾಜಿನಗರದ ಕಾರ್ಖಾನೆಗಳಲ್ಲಿ ದುಡಿಯುವ ಬಿಹಾರದ ಹುಡುಗರು, ಮೈಸೂರು ರಸ್ತೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ಉತ್ತರಪ್ರದೇಶ, ಜಾರ್ಖಂಡ್‌ನ ಮಕ್ಕಳು. ಯುಗಾದಿಯ ಮಧ್ಯಾಹ್ನ ಓನರ್ ಆಂಟಿ ತಟ್ಟೆಯಲ್ಲಿ ಎರಡು ಒಬ್ಬಟ್ಟು, ಮೇಲೆ ತುಪ್ಪ, ಪಕ್ಕದಲ್ಲಿ ಮಾವಿನಕಾಯಿ ಚಿತ್ರಾನ್ನ, ಸಣ್ಣ ಲೋಟದಲ್ಲಿ ಒಬ್ಬಟ್ಟಿನ ಸಾರು ಇಟ್ಟು ಮೇಲೆ ಕಳಿಸುತ್ತಾರೆ. ತಟ್ಟೆ ಖಾಲಿಯಾಗಿ, ತೊಳೆದು ಒರೆಸಿ ಕೆಳಗೆ ಬರುತ್ತದೆ. ತಂದ ಹುಡುಗ ಬಾಗಿಲಲ್ಲೇ ನಿಂತು, ‘ಆಂಟೀ, ಮಜಾ ಆ ಗಯಾ. ಬಹುತ್ ದಿನ್ ಬಾದ್ ಘರ್ ಕಾ ಖಾನಾ ಖಾಯಾ’ ಎನ್ನುತ್ತಾನೆ. ಒಬ್ಬಟ್ಟಿನ ಸಾರನ್ನು ಆತ ಹುಟ್ಟಿದಾಗಿನಿಂದ ಕಂಡಿಲ್ಲ, ಆದರೂ ಅದು ‘ಘರ್ ಕಾ ಖಾನಾ’. ಮನೆಯಲ್ಲಿ ಬೇಯಿಸಿ ಯಾರೋ ನೆನಪಿಟ್ಟು ಕೊಟ್ಟದ್ದೆಲ್ಲ ಹಿಂದಿಯವರಿಗೆ ಘರ್ ಕಾ ಖಾನಾ.

ಆಂಟಿಗೂ ಹಿಂದಿ ಅಷ್ಟಿಷ್ಟು ಗೊತ್ತು. ಅವರ ಕಾಲದ ಹೆಂಗಸರು ಅದನ್ನು ಕಲಿತದ್ದು ಟಿ.ವಿ.ಯಿಂದ. 1987ರ ಜನವರಿಯಿಂದ 1988ರ ಜುಲೈವರೆಗೆ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ರಾಮಾನಂದ ಸಾಗರರ ರಾಮಾಯಣ ಬಂದಾಗ ಟಿ.ವಿ. ಇದ್ದ ಮನೆಯ ಹಾಲ್ ತುಂಬ ಅಕ್ಕಪಕ್ಕದವರು. ಆ ಹಿಂದಿಯ ತೃಪ್ತಿಯ ಮಾತು ‘ಧನ್ಯ’. ರಾಮನ ಪಾದ ಕಂಡವರೆಲ್ಲ ಧನ್ಯರಾಗುತ್ತಿದ್ದರು, ಕನ್ನಡದ ಕಿವಿಗೆ ಅದು ಅನುವಾದವೇ ಬೇಕಿಲ್ಲದ ಮಾತು. ಆದ್ದರಿಂದ ಮೇಲಿನ ಕೋಣೆಯ ಹುಡುಗನ ಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲೇ ಬರುತ್ತದೆ: ‘ಹೊಟ್ಟೆ ತಣ್ಣಗಿರ್ಲಿ ಕಣಪ್ಪ.’

ಈ ‘ತಣ್ಣಗೆ’ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಬಿಸಿಲಿನ ನಾಡುಗಳಲ್ಲಿ ತೃಪ್ತಿ ಎಂದರೆ ತಂಪು. ಹಿಂದಿಯಲ್ಲಿ ‘ಕಲೇಜಾ ಠಂಡಾ ಹೋ ಗಯಾ’, ‘ಕಲೇಜೇ ಕೋ ಠಂಡಕ್ ಮಿಲೀ’, ಅಂದರೆ ಎದೆ ತಣ್ಣಗಾಯಿತು. ಅರಬ್ಬಿಯಲ್ಲಿ ಮಕ್ಕಳನ್ನು ‘ಕಣ್ಣಿನ ತಂಪು’ ಎನ್ನುವ ಮಾತಿದೆ, ಕುರಾನಿನಲ್ಲೂ ಅದು ಬಂದಿದೆ. ಭೋಜಪುರಿ, ಮೈಥಿಲಿಗಳಲ್ಲಿ ತಂಪಾಗುವುದಕ್ಕೂ ತೃಪ್ತಿಪಡುವುದಕ್ಕೂ ‘ಜುಡಾನಾ’ ಎಂಬ ಒಂದೇ ಕ್ರಿಯೆ. ಏಪ್ರಿಲ್ ಮಧ್ಯದಲ್ಲಿ ಮಿಥಿಲೆಯವರ ಹೊಸ ವರ್ಷ ಬರುತ್ತದೆ, ಅದರ ಹೆಸರೇ ‘ಜೂಡ್ ಶೀತಲ್’. ಅಂದು ಬೆಳಿಗ್ಗೆ ಮನೆಯ ಹಿರಿಯರು ಕಿರಿಯರ ನೆತ್ತಿಗೆ ಬೊಗಸೆ ತಣ್ಣೀರು ಹಾಕಿ ‘ಜುಡಾಯಲ್ ರಹೂ’ ಎಂದು ಹರಸುತ್ತಾರೆ. ತಣ್ಣಗಿರು, ತೃಪ್ತವಾಗಿರು ಎಂದು. ಹಿಂದಿನ ರಾತ್ರಿ ಮಾಡಿಟ್ಟ ತಂಗಳನ್ನವನ್ನೇ ಆ ದಿನ ಉಣ್ಣುವುದು ಪದ್ಧತಿ. ದರ್ಭಂಗಾದ ತಾಯಿ ಮಗನ ನೆತ್ತಿ ಮುಟ್ಟಿ ಹೇಳುವ ಆ ಹರಕೆಗೂ ಕಾಮಾಕ್ಷಿಪಾಳ್ಯದ ಆಂಟಿಯ ಬಾಯಲ್ಲಿ ಬಂದ ಮಾತಿಗೂ ನಡುವೆ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರವಿದೆ, ಅರ್ಥದಲ್ಲಿ ಒಂದು ಗೇಣೂ ಇಲ್ಲ.

ಇದಕ್ಕೆ ಕತ್ತಲಿನ ಮಗ್ಗುಲೂ ಇದೆ. ಹಗೆಯವನು ಹಾಳಾದಾಗಲೂ ಹಿಂದಿಯವರ ಕಲೇಜಾ ತಣ್ಣಗಾಗುತ್ತದೆ. ‘ಈಗ ನಿನ್ನ ಹೊಟ್ಟೆ ತಣ್ಣಗಾಯ್ತಾ?’ ಎಂದು ಕನ್ನಡದವರೂ ಜಗಳದಲ್ಲಿ ಕೇಳುತ್ತಾರೆ.

ಹಿಂದಿ ಸಾಹಿತ್ಯದಲ್ಲಿ ಹೊಟ್ಟೆಯ ತೃಪ್ತಿಯನ್ನು ಪ್ರೇಮಚಂದರಷ್ಟು ಬಲ್ಲವರಿಲ್ಲ, ಯಾಕೆಂದರೆ ಹಸಿವನ್ನು ಅವರಷ್ಟು ಬಲ್ಲವರಿಲ್ಲ. ‘ಬೂಢೀ ಕಾಕೀ’ ಕಥೆಯಲ್ಲಿ ಆಸ್ತಿಯನ್ನೆಲ್ಲ ಸೋದರಳಿಯನ ಹೆಸರಿಗೆ ಬರೆದುಕೊಟ್ಟ ಮುದುಕಿ, ಮನೆಯ ಸಮಾರಂಭದ ದಿನ ಪೂರಿಯ ವಾಸನೆಗೆ ಮೂಲೆಯಲ್ಲಿ ಕೂತು ನವೆಯುತ್ತಾಳೆ. ಎಲ್ಲರೂ ಉಂಡರೂ ಅವಳನ್ನು ಯಾರೂ ಕರೆಯುವುದಿಲ್ಲ. ರಾತ್ರಿ ಆಕೆ ಎಂಜಲೆಲೆಗಳನ್ನು ಹೆಕ್ಕಿ ತಿನ್ನುವುದನ್ನು ಸೊಸೆ ರೂಪಾ ಕಂಡು ನಡುಗಿ, ತಟ್ಟೆ ತುಂಬಿ ತಂದು ಮುಂದಿಡುತ್ತಾಳೆ. ಮುದುಕಿ ಬೈಯುವುದಿಲ್ಲ, ದೂರುವುದಿಲ್ಲ, ಉಣ್ಣುತ್ತ ಹೋಗುತ್ತಾಳೆ. ಆಕೆಯ ಮೈಯೆಲ್ಲ ಹರಸುತ್ತಿತ್ತು ಎಂಬಂತೆ ಪ್ರೇಮಚಂದ್ ಅದನ್ನು ಚಿತ್ರಿಸುತ್ತಾರೆ. 1936ರಲ್ಲಿ ಹಿಂದಿಯಲ್ಲಿ ಬಂದ ‘ಕಫನ್’ ಇನ್ನೂ ಕಠೋರ. ಸತ್ತ ಸೊಸೆಯ ಶವವಸ್ತ್ರಕ್ಕೆಂದು ಬೇಡಿ ತಂದ ಹಣದಲ್ಲಿ ಅಪ್ಪ ಘೀಸೂ, ಮಗ ಮಾಧವ ಇಬ್ಬರೂ ಹೆಂಡ ಕುಡಿದು ಪೂರಿ ತಿನ್ನುತ್ತಾರೆ. ಯಾವಾಗಲೋ ಠಾಕೂರನ ಮನೆಯಲ್ಲಿ ಉಂಡ ಮದುವೆಯೂಟದ ಒಂದೊಂದು ಪದಾರ್ಥವನ್ನೂ ಘೀಸೂ ಇಪ್ಪತ್ತು ವರ್ಷದ ನಂತರವೂ ಎಣಿಸಿ ಹೇಳಬಲ್ಲ. ಉಳಿದ ಪೂರಿಗಳನ್ನು ಭಿಕ್ಷುಕನಿಗೆ ಕೊಟ್ಟಾಗ, ಕೊಡುವ ಸುಖವನ್ನು ಮಾಧವ ಬದುಕಿನಲ್ಲಿ ಮೊದಲ ಬಾರಿ ಅನುಭವಿಸುತ್ತಾನೆ. ಓದುವವರಿಗೆ ಹೇಸಿಗೆಯೂ ಕರುಳು ಚುರ್ ಎನ್ನುವ ಸಂಕಟವೂ ಒಟ್ಟಿಗೇ ಆಗುವ ಜಾಗ ಅದು. ‘ಮಜಾ ಆ ಗಯಾ’ ಎನ್ನುವ ಹಗುರ ಮಾತಿನ ಅಡಿಯಲ್ಲಿ ಆ ನಾಡಿನ ಇಂಥ ಹಸಿವಿನ ಚರಿತ್ರೆಯಿದೆ. ಊರು ಬಿಟ್ಟು ರೈಲು ಹತ್ತಿ ಬಂದ ಹುಡುಗನ ಬಾಯಲ್ಲಿ ಅದು ಹಗುರ ಮಾತಾಗಿ ಉಳಿಯುವುದಿಲ್ಲ.

ಹಿಂದಿಯ ಸಂತೋಷ್ ನಮ್ಮ ಸಂತೋಷವಲ್ಲ ಎನ್ನುವುದು ಹಿಂದಿ ಓದಿದವರಿಗೆಲ್ಲ ಗೊತ್ತು. ಅಲ್ಲಿ ಅದು ಇದ್ದದ್ದರಲ್ಲಿ ಸಾಕೆನ್ನುವ ಗುಣ, ಕಬೀರನಂಥ ನೇಕಾರ ಸಂತರು ಎಲ್ಲ ಸಂಪತ್ತಿಗಿಂತ ಮೇಲೆ ಇಟ್ಟದ್ದು. ಆ ಗುಣಕ್ಕೆ ಕನ್ನಡದಲ್ಲಿ ಉದಾಹರಣೆ ಹುಡುಕಿದರೆ ರಾಜಾಜಿನಗರದ ಪಕ್ಕದ ಬಸವೇಶ್ವರನಗರದ ಹೆಸರೇ ದಾರಿ ತೋರಿಸುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬಸವೇಶ್ವರರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಮುಟ್ಟಲಿಲ್ಲ. ಇಷ್ಟು ಆಸೆ ನಮಗೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಆಯ್ದಕ್ಕಿ ಲಕ್ಕಮ್ಮ ಎಂದೇ ಆಕೆಯನ್ನು ಕನ್ನಡನಾಡು ನೆನೆಯುತ್ತದೆ. ಬಡವಿಯಾಗಿದ್ದೂ ‘ಸಾಕು’ ಎನ್ನುವ ಅಧಿಕಾರ ತನ್ನದು ಎಂದಳಲ್ಲ, ಅದು ಆಕೆಯ ದೊಡ್ಡತನ. ಉಳ್ಳವರು ಇಲ್ಲದವರಿಗೆ ಉಪದೇಶಿಸುವ ತೃಪ್ತಿಗೂ ಇದಕ್ಕೂ ಸಂಬಂಧವಿಲ್ಲ.

ವಿಜಯನಗರದಿಂದ ಸ್ವಲ್ಪ ಪೂರ್ವಕ್ಕೆ ಇಳಿದರೆ ಪಾದರಾಯನಪುರ, ಗೋರಿಪಾಳ್ಯ. ಅಲ್ಲಿಯ ದಖ್ನಿ ಈ ಊರಿನ ಹಳೆಯ ಮಾತು, ಪರೀಕ್ಷೆಯ ಹಿಂದಿಗಿಂತ ಎಷ್ಟೋ ಮುಂಚಿನದು. ಅಲ್ಲಿ ಹೌದೆನ್ನಲು ‘ಹೌ’, ಬೇಡವೆನ್ನಲು ‘ನಕ್ಕೋ’. ಬಿರಿಯಾನಿಯ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ‘ಬಸ್, ನಕ್ಕೋ’ ಎಂದರೆ ಅದೇ ತೃಪ್ತಿಯ ಮುದ್ರೆ. ಕನ್ನಡಿಗರು ತಮ್ಮದೇ ಎಂದುಕೊಂಡಿರುವ ‘ಖುಷಿ’, ‘ಮಜಾ’ ಎರಡೂ ಪಾರಸಿಯಿಂದ ಬಂದವು. ಪಾರಸಿಯಲ್ಲಿ ‘ಮಜಾ’ ಎಂದರೆ ಮೂಲದಲ್ಲಿ ನಾಲಿಗೆಯ ರುಚಿ. ರಾಮನವಮಿಯ ಚಪ್ಪರದಲ್ಲಿ ಕೂತು ಕೇಳುಗರು ಹೇಳುವ ‘ಶಭಾಷ್’ ಕೂಡ ಪಾರಸಿಯದೇ, ಸಂತೋಷವಾಗಿರು ಎಂಬ ಹರಕೆ.

ಸಂಗೀತದ ವಿಷಯ ಬಂದಾಗ ಕನ್ನಡಿಗರು ಯಾರ ಒತ್ತಾಯವೂ ಇಲ್ಲದೆ ತೃಪ್ತಿಯನ್ನು ಹಿಂದಿಯಲ್ಲಿ ಹೇಳಿದ್ದಾರೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಗದಗ ಸೀಮೆಯ ಭೀಮಸೇನ ಜೋಶಿ ಬ್ರಜ ಭಾಷೆಯ ಬಂದಿಶ್ ಹಾಡುವಾಗ ಮುಂದೆ ಕೂತವರ ಬಾಯಲ್ಲಿ ತಾನಾಗಿ ‘ಕ್ಯಾ ಬಾತ್ ಹೈ’ ಬರುತ್ತಿತ್ತು. ಆಗ ಅದು ಉತ್ತರದವರ ಭಾಷೆ ಎಂದು ಯಾರಿಗೂ ಅನ್ನಿಸಲಿಲ್ಲ. ಬಂಟ್ವಾಳ ತಾಲ್ಲೂಕಿನ ಮಂಚಿಯ ಬಿ.ವಿ. ಕಾರಂತರು ಬನಾರಸ್‌ನಲ್ಲಿ ಹಿಂದಿ ಎಂ.ಎ. ಮಾಡಿದವರು. ಗಿರೀಶ ಕಾರ್ನಾಡರ ‘ತುಘಲಕ್’, ‘ಹಯವದನ’ ಹಿಂದಿ ರಂಗಭೂಮಿಗೆ ಹೋದದ್ದು ಅವರ ಅನುವಾದದಲ್ಲಿ. ಕೇಳುವ, ಕೊಡುವ, ಸವಿಯುವ ಸಂಬಂಧವಿದ್ದ ಕಡೆ ಹಿಂದಿಗೆ ಕನ್ನಡಿಗರು ಬಾಗಿಲು ಹಾಕಿದ್ದಿಲ್ಲ. ಅಂಥ ಸಂಬಂಧ ಈಗ ಬಂದಿಳಿಯುತ್ತಿರುವವರ ಕಡೆಯಿಂದಲೂ ಬೇಕು.

ಹೊಸಬರಿಗೆ ಕನ್ನಡ ಕಲಿಸುವ ಪ್ರಯತ್ನಗಳು ಹತ್ತಾರಿವೆ. 2024ರಲ್ಲಿ ಕೆಲವು ಆಟೊಗಳಲ್ಲಿ ಸೀಟಿನ ಮುಂದೆ ಕನ್ನಡ ವಾಕ್ಯಗಳ ಚೀಟಿ ಅಂಟಿಸಿದ್ದು ಸುದ್ದಿಯಾಯಿತು. ಒಳ್ಳೆಯ ಕೆಲಸ. ಆದರೆ ಅಲ್ಲಿರುವುದೂ ಬಾಡಿಗೆ ಎಷ್ಟು, ಎಲ್ಲಿದ್ದೀರಿ ಎಂಬ ವ್ಯವಹಾರವೇ. ಅದಕ್ಕೆ ಊಟದೆಲೆಯ ಪಾಠವೊಂದು ಸೇರಬೇಕು: ‘ಸಾಕು’, ‘ಹೊಟ್ಟೆ ತುಂಬ್ತು’, ‘ತುಂಬಾ ಚೆನ್ನಾಗಿತ್ತು’. ಮೂರೇ ಮಾತು, ಒಂದು ಮಧ್ಯಾಹ್ನದಲ್ಲಿ ಬಾಯಿಗೆ ಬರುತ್ತವೆ. ವಿಜಯನಗರದ ಯಾವ ಮದುವೆ ಛತ್ರದಲ್ಲಾದರೂ ಎರಡನೇ ಪಂಕ್ತಿಯಲ್ಲಿ ಕೂತು ಬಡಿಸುವವರಿಗೆ ಇಷ್ಟು ಹೇಳಿದ ಬಿಹಾರಿ ಹುಡುಗನಿಗೆ ಊರು, ತಂದೆ ತಾಯಿ, ಮದುವೆಯಾಗಿದೆಯೇ ಎಂಬ ವಿಚಾರಣೆಯೆಲ್ಲ ಮುಗಿಯುವವರೆಗೆ ಬಿಡುಗಡೆ ಇರುವುದಿಲ್ಲ.

ಉಂಡವರು ಏನೇ ಹೇಳಲಿ, ಬಡಿಸಿದವರ ಉತ್ತರ ಎರಡು ಭಾಷೆಯಲ್ಲೂ ಒಂದೇ, ಒಪ್ಪದಿರುವುದು. ಕನ್ನಡದಲ್ಲಿ ‘ಏನೂ ತಿನ್ಲೇ ಇಲ್ವಲ್ಲ ನೀವು!’ ಹಿಂದಿಯಲ್ಲಿ ‘ಆಪ್‌ನೇ ತೋ ಕುಛ್ ಖಾಯಾ ಹೀ ನಹೀಂ!’ ಅತಿಥಿಯ ಮಾತಿನಲ್ಲಿ ಕಾಣದೆ ಹೋದ ‘ನೇ’ ಆತಿಥೇಯರ ಮಾತಿನಲ್ಲಿ ಬಂದು ಕೂತಿದೆ. ಹಿಂದಿ ಮಿಸ್ ವರಾಂಡದಲ್ಲಿ ಬೆರಳಿಗೆ ಕೋಲು ತಾಕಿಸಿ ಕಲಿಸಿದ್ದು ಮೇಲಿನ ಕೋಣೆಯ ಹುಡುಗ ಇನ್ನೊಂದು ಒಬ್ಬಟ್ಟು ಬೇಡವೆಂದಾಗ ನೇರವಾಗಿ ಉಪಯೋಗಕ್ಕೆ ಬರುತ್ತದೆ.